ಬೆಲ್ಲದ ಸೀಮೆಯಲ್ಲಿ ಸಿಹಿಯ ಲೆಕ್ಕ: ಸಕ್ಕರೆ, ಸಿಹಿಕಾರಕಗಳು ಮತ್ತು ನಿತ್ಯದ ಆರೋಗ್ಯ

ಸಂಕ್ರಾಂತಿಯ ಆಸುಪಾಸಿನಿಂದ ಯುಗಾದಿಯವರೆಗೆ ಸೊರಬ ತಾಲ್ಲೂಕಿನ ಹಲವು ಗ್ರಾಮಗಳಲ್ಲಿ ಆಲೆಮನೆಗಳು ನಡೆಯುತ್ತವೆ. ಗಾಣ ತಿರುಗಿಸುತ್ತಿದ್ದ ಕೋಣಗಳ ಜಾಗಕ್ಕೆ ಈಗ ಬಹುತೇಕ ಎಂಜಿನ್ ಬಂದಿದೆ. ಕೊಪ್ಪರಿಗೆ, ಒಲೆ ಮತ್ತು ಪಾಕದ ಹದ ನೋಡುವ ಅನುಭವಸ್ಥರ ಕಣ್ಣು ಮಾತ್ರ ಹಾಗೆಯೇ ಉಳಿದಿವೆ. ಅಲ್ಲಿಗೆ ಹೋದವರಿಗೆ ಕಬ್ಬಿನ ಹಾಲು ಕೊಡದೆ ಕಳಿಸುವ ರೂಢಿಯಿಲ್ಲ. ಡಬ್ಬಗಳಲ್ಲಿ ತುಂಬಿದ ಜೋನಿಬೆಲ್ಲ ವರ್ಷಪೂರ್ತಿ ದೋಸೆಗೂ ಕಡುಬಿಗೂ ಒದಗುತ್ತದೆ, ತೊಡೆದೇವಿನಂತಹ ತಿನಿಸು ಈ ಸೀಮೆಯ ಹೆಸರನ್ನು ಹೊರಗೆ ಒಯ್ದಿದೆ. ಇಂತಹ ಕಡೆ ಮಧುಮೇಹಿಗಳು "ಸಕ್ಕರೆ ಬಿಟ್ಟಿದ್ದೇನೆ, ಈಗ ಏನಿದ್ದರೂ ಬೆಲ್ಲದ ಕಾಫಿ" ಎಂದು ಸಮಾಧಾನದಿಂದ ಹೇಳಿಕೊಳ್ಳುವುದು ಸಹಜ. ಈ ಸಮಾಧಾನವೇ ಅನೇಕರ ಕಾಯಿಲೆಯನ್ನು ಹತೋಟಿ ತಪ್ಪಿಸುತ್ತಿರುವುದರಿಂದ, ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಬೆಲ್ಲವೂ ಸಕ್ಕರೆಯೇ

ಬಿಳಿ ಸಕ್ಕರೆ ಎಂದರೆ ಶುದ್ಧೀಕರಿಸಿದ ಸುಕ್ರೋಸ್. ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳ ಜೋಡಣೆ. ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿ ಮಾಡಿದ ಬೆಲ್ಲದಲ್ಲಿಯೂ ಬಹುಪಾಲು ಇರುವುದು ಇದೇ ಸುಕ್ರೋಸ್. ಉಳಿದುದರಲ್ಲಿ ಬಿಡಿಯಾದ ಗ್ಲೂಕೋಸ್ ಮತ್ತು ಫ್ರಕ್ಟೋಸ್, ಒಂದಷ್ಟು ನೀರಿನ ಅಂಶ, ಅಲ್ಪ ಪ್ರಮಾಣದ ಖನಿಜಗಳು ಸೇರಿವೆ. ಜೋನಿಬೆಲ್ಲದಲ್ಲಿ ನೀರು ಹೆಚ್ಚು, ಅಷ್ಟೇ ವ್ಯತ್ಯಾಸ. ಜೇನುತುಪ್ಪವೂ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಗಾಢ ದ್ರಾವಣವೇ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಆಹಾರಕ್ಕೆ ಸೇರಿಸುವ ಎಲ್ಲ ಬಗೆಯ ಸಕ್ಕರೆಯ ಜೊತೆಗೆ ಜೇನು, ಪಾಕ ಮತ್ತು ಹಿಂಡಿದ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಒಂದೇ ಗುಂಪಿಗೆ ಸೇರಿಸಿ "ಮುಕ್ತ ಸಕ್ಕರೆ" ಎಂದು ಕರೆದಿದೆ. ಇಡಿಯಾಗಿ ತಿನ್ನುವ ಹಣ್ಣು ಮತ್ತು ಹಾಲಿನಲ್ಲಿ ಸಹಜವಾಗಿರುವ ಸಕ್ಕರೆ ಈ ಗುಂಪಿಗೆ ಸೇರುವುದಿಲ್ಲ. ಹಣ್ಣಿನಲ್ಲಿರುವ ನಾರು ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ.

ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ ಎಂಬುದು ಸುಳ್ಳಲ್ಲ. ಆದರೆ ಒಬ್ಬ ಮಹಿಳೆಗೆ ದಿನಕ್ಕೆ ಬೇಕಾಗುವ ಕಬ್ಬಿಣವನ್ನು ಬೆಲ್ಲದಿಂದಲೇ ಪಡೆಯಬೇಕೆಂದರೆ ಕಾಲು ಕಿಲೋಗೂ ಹೆಚ್ಚು ಬೆಲ್ಲ ತಿನ್ನಬೇಕಾದೀತು. ರಕ್ತಹೀನತೆಗೆ ಸೊಪ್ಪು, ಕಾಳು, ರಾಗಿ, ಮೊಟ್ಟೆ ಮತ್ತು ಆರೋಗ್ಯ ಇಲಾಖೆ ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆಗಳೇ ಸರಿಯಾದ ದಾರಿ. ರಕ್ತದಲ್ಲಿ ಸಕ್ಕರೆ ಏರುವ ವಿಷಯದಲ್ಲಂತೂ ಮಧುಮೇಹಿಯ ದೇಹ ಬೆಲ್ಲಕ್ಕೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಇದರರ್ಥ ಬೆಲ್ಲ ಮಾಡುವ ರೈತರಿಗೆ ವಿರುದ್ಧವಾಗಿ ಪ್ರಚಾರ ನಡೆಸಬೇಕೆಂದಲ್ಲ. ಹಬ್ಬದ ದಿನ ಹೋಳಿಗೆಗೆ ಬೆಲ್ಲ ಹಾಕುವುದರಿಂದ ಊರಿನ ಆರೋಗ್ಯ ಕೆಡುವುದಿಲ್ಲ. ಪ್ರತಿದಿನ, ಪ್ರತಿ ಲೋಟಕ್ಕೆ, ಲೆಕ್ಕವಿಲ್ಲದೆ ಬೀಳುವ ಸಿಹಿಯಿಂದ ಕೆಡುತ್ತದೆ. ಬೆಲ್ಲದ ವಿಷಯದಲ್ಲಿ ಪಂಚಾಯಿತಿಗಳು ಗಮನಿಸಬೇಕಾದ ಬೇರೊಂದು ಸಂಗತಿಯಿದೆ. ಬೆಲ್ಲ ಬಂಗಾರದ ಬಣ್ಣಕ್ಕೆ ಬರಲಿ, ಮಾರುಕಟ್ಟೆಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗಲಿ ಎಂದು ಕೆಲವೆಡೆ "ಹೈಡ್ರೋಸ್" ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಪುಡಿಯನ್ನು ಕೊಪ್ಪರಿಗೆಗೆ ಹಾಕಲಾಗುತ್ತದೆ. ಇದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ, ಅದು ವಿಶೇಷವಾಗಿ ಅಸ್ತಮಾ ಇರುವವರಿಗೆ ತೊಂದರೆ ಕೊಡಬಲ್ಲದು. ಬೆಂಡೆ ಗಿಡದ ಲೋಳೆ ಮತ್ತು ಹದವಾದ ಸುಣ್ಣದಿಂದ ಕಶ್ಮಲ ತೆಗೆಯುವ ಹಳೆಯ ಕ್ರಮದಲ್ಲಿ ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ. ಗಿರಾಕಿ ಹೊಳಪನ್ನೇ ಕೇಳುವವರೆಗೆ ರೈತ ಪುಡಿಯನ್ನು ಬಿಡಲಾರ. ಆದುದರಿಂದ ಗ್ರಾಮಸಭೆಗಳಲ್ಲಿ ತಿಳಿವಳಿಕೆ ಮೂಡಿಸಬೇಕಾದುದು ಆಲೆಮನೆಯವರಿಗಿಂತ ಮೊದಲು ಕೊಳ್ಳುವವರಿಗೆ.

ದಿನದ ಮಿತಿ ಎಷ್ಟು?

ಒಟ್ಟು ಆಹಾರದಿಂದ ದೊರೆಯುವ ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ಭಾರತೀಯರಿಗೆ ದಿನಕ್ಕೆ 20ರಿಂದ 25 ಗ್ರಾಂ ಎಂದು ಮಿತಿ ಹೇಳುತ್ತದೆ. ಒಂದು ಟೀ ಚಮಚ ಎಂದರೆ ಸುಮಾರು 5 ಗ್ರಾಂ. ಅಂದರೆ ದಿನವಿಡೀ ಎಲ್ಲ ಬಗೆಯಲ್ಲೂ ಸೇರಿ ಐದು ಚಮಚ.

ಈ ಐದು ಚಮಚ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಅಡಿಕೆ ಕೊಯ್ಲಿನ ಒಂದು ದಿನದಿಂದ ನೋಡಬಹುದು. ಹಗಲು ಕೊಯ್ಲು, ರಾತ್ರಿ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವ ಹೆಣ್ಣುಮಕ್ಕಳು ನಿದ್ದೆ ಬರದಿರಲೆಂದು ಎರಡು ಮೂರು ಬಾರಿ ಚಹಾ ಕುಡಿಯುತ್ತಾರೆ. ಬೆಳಗಿನದು, ಮಧ್ಯಾಹ್ನದ್ದು ಸೇರಿದರೆ ಆರು ಲೋಟವಾಗುವುದು ಅಪರೂಪವಲ್ಲ. ಲೋಟಕ್ಕೆ ಎರಡು ಚಮಚದಂತೆ ಹನ್ನೆರಡು ಚಮಚ, ಅಂದರೆ 60 ಗ್ರಾಂ. ಮಿತಿಯ ಎರಡು ಪಟ್ಟಿಗೂ ಹೆಚ್ಚು. ಬಿಸ್ಕೆಟ್ಟು, ಸಿಹಿತಿಂಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಚಹಾ ಬಿಡಿ ಎಂದು ಅಲ್ಲಿ ಉಪದೇಶಿಸಿ ಪ್ರಯೋಜನವಿಲ್ಲ. ಲೋಟಕ್ಕೆ ಅರ್ಧ ಚಮಚ ಮಾತ್ರ ಕಡಿಮೆ ಮಾಡಿದರೂ ಆರು ಲೋಟಕ್ಕೆ ದಿನಕ್ಕೆ 15 ಗ್ರಾಂ ಉಳಿಯುತ್ತದೆ. ಅದೇ ರೂಢಿ ವರ್ಷವಿಡೀ ನಡೆದರೆ ಒಬ್ಬರ ದೇಹಕ್ಕೆ ಸೇರುವ ಸಕ್ಕರೆಯಲ್ಲಿ ಐದು ಕಿಲೋಗೂ ಹೆಚ್ಚು ತಗ್ಗುತ್ತದೆ. ನಾಲಿಗೆ ಹೊಸ ರುಚಿಗೆ ಹೊಂದಿಕೊಳ್ಳಲು ಕೆಲವು ವಾರಗಳು ಸಾಕು. ಬಳಿಕ ಹಳೆಯ ಚಹಾವೇ ಅತಿ ಸಿಹಿ ಎನಿಸುತ್ತದೆ.

ಮನೆಯ ಬಳಕೆಯನ್ನು ಅಳೆಯಲು ತಕ್ಕಡಿ ಬೇಕಿಲ್ಲ, ಅಂಗಡಿಯ ಚೀಟಿ ಸಾಕು. ನಾಲ್ಕು ಜನ ವಯಸ್ಕರಿರುವ ಕುಟುಂಬಕ್ಕೆ ತಿಂಗಳಿಗೆ ಸಕ್ಕರೆ, ಬೆಲ್ಲ ಎರಡೂ ಸೇರಿ 3 ಕಿಲೋ ಮೀರಿದರೆ ಮಿತಿ ದಾಟಿದಂತೆ. ಹೊರಗೆ ತಿಂದುದು, ಕುಡಿದುದು ಇದಕ್ಕೆ ಹೆಚ್ಚುವರಿ. ಸಾಮಾನ್ಯ ಕೋಲಾ ಪಾನೀಯದ 100 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂಗೂ ಮಿಗಿಲಾಗಿ ಸಕ್ಕರೆ ಇರುತ್ತದೆ. ಹೀಗಾಗಿ 250 ಮಿಲಿಲೀಟರಿನ ಒಂದು ಬಾಟಲಿಯಲ್ಲೇ ದಿನದ ಮಿತಿ ಮುಗಿಯುತ್ತದೆ. ಆಲೆಮನೆಯ ಒಂದು ದೊಡ್ಡ ಲೋಟ ಕಬ್ಬಿನ ಹಾಲಿನ ಲೆಕ್ಕವೂ ಇದಕ್ಕಿಂತ ಕಡಿಮೆಯಲ್ಲ. ವರ್ಷಕ್ಕೊಮ್ಮೆ ಆಲೆಮನೆಗೆ ಹೋಗುವುದಕ್ಕೂ ವಾರಕ್ಕೆ ನಾಲ್ಕು ದಿನ ಬಾಟಲಿ ಕುಡಿಯುವುದಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು.

ದೇಹದಲ್ಲಿ ಆಗುವುದೇನು?

ಗ್ಲೂಕೋಸ್ ರಕ್ತಕ್ಕೆ ಸೇರಿದೊಡನೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸಿ ಅದನ್ನು ಜೀವಕೋಶಗಳಿಗೆ ಸೇರಿಸುತ್ತದೆ. ಫ್ರಕ್ಟೋಸ್ ಬಹುಮಟ್ಟಿಗೆ ಯಕೃತ್ತಿಗೆ ಹೋಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಬಂದರೆ ಅಲ್ಲಿ ಕೊಬ್ಬಾಗಿ ಮಾರ್ಪಡುತ್ತದೆ. ಹೊಟ್ಟೆಯ ಸುತ್ತ ಮತ್ತು ಯಕೃತ್ತಿನಲ್ಲಿ ಕೊಬ್ಬು ಸೇರಿದಂತೆ ಇನ್ಸುಲಿನ್ನಿನ ಪ್ರಭಾವ ಕುಗ್ಗುತ್ತದೆ, ಗ್ರಂಥಿ ಹೆಚ್ಚು ಹೆಚ್ಚು ದುಡಿದು ಕೊನೆಗೆ ಸೋಲುತ್ತದೆ. ಪಾನೀಯದ ರೂಪದಲ್ಲಿ ಬರುವ ಸಕ್ಕರೆ ಹೊಟ್ಟೆ ತುಂಬಿದ ಭಾವನೆ ಕೊಡುವುದಿಲ್ಲವಾದ್ದರಿಂದ ಅದರ ಮೇಲೆ ಊಟವೂ ಎಂದಿನಷ್ಟೇ ನಡೆಯುತ್ತದೆ. ಹಲ್ಲಿನ ಹುಳುಕಿನ ಕಾರಣವೂ ಇಲ್ಲೇ ಇದೆ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲಿನ ಹೊರಪದರವನ್ನು ಕರಗಿಸುತ್ತವೆ. ಇಲ್ಲಿ ಎಷ್ಟು ತಿಂದರು ಎಂಬುದರಷ್ಟೇ ಎಷ್ಟು ಸಲ ತಿಂದರು ಎಂಬುದೂ ಮುಖ್ಯ.

ಆದರೆ ಮಧುಮೇಹಕ್ಕೆ ಸಕ್ಕರೆಯೊಂದೇ ಕಾರಣ ಎಂದು ಹೇಳುವುದು ಸರಿಯಾಗದು. ವಂಶಪಾರಂಪರ್ಯ, ದೈಹಿಕ ಶ್ರಮದ ಕೊರತೆ, ಬೊಜ್ಜು, ತಂಬಾಕು ಎಲ್ಲವೂ ಪಾಲುದಾರರು. ತಟ್ಟೆಯ ತುಂಬ ಪಾಲಿಶ್ ಅಕ್ಕಿಯ ಅನ್ನ, ಪಕ್ಕದಲ್ಲಿ ಎರಡು ಚಮಚ ಪಲ್ಯ ಎಂಬ ಊಟದ ಕ್ರಮವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಭತ್ತ ಬೆಳೆಯುವ ಸೀಮೆಯಲ್ಲಿ ಈ ಮಾತು ಕಹಿಯೆನಿಸಬಹುದು. ಅನ್ನ ಬಿಡಬೇಕಾಗಿಲ್ಲ, ಅನ್ನದ ಜಾಗವನ್ನು ಅರ್ಧಕ್ಕೆ ಇಳಿಸಿ ಹುರುಳಿ, ಹೆಸರು, ಅಲಸಂದೆಗಳ ಸಾರು, ಸೊಪ್ಪು, ತರಕಾರಿಗೆ ಜಾಗ ಕೊಟ್ಟರಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ಮಧುಮೇಹ ಪಟ್ಟಣಗಳಲ್ಲಿ ಹೆಚ್ಚಿದ್ದರೂ, ಹೊಸ್ತಿಲಲ್ಲಿರುವವರ ಪ್ರಮಾಣದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬಂದಿಲ್ಲ. ಇದು ಪೇಟೆಯವರ ಕಾಯಿಲೆ ಎಂಬ ಮಾತಿಗೆ ಈಗ ಆಧಾರವಿಲ್ಲ. ಹೊಸ್ತಿಲಲ್ಲಿರುವವರನ್ನು ಊಟ ಮತ್ತು ನಡಿಗೆಯ ಬದಲಾವಣೆಯಿಂದ ಅಲ್ಲಿಯೇ ತಡೆದು ನಿಲ್ಲಿಸುವುದು ಸಾಧ್ಯವಿದೆ. ಗ್ರಾಮ ಮಟ್ಟದಲ್ಲಿ ನಿಜವಾಗಿ ಕೆಲಸ ಮಾಡಬಹುದಾದ ಕ್ಷೇತ್ರ ಇದೇ.

"ಶುಗರ್‌ಲೆಸ್" ಎಂದರೆ?

ಔಷಧಿ ಅಂಗಡಿಗಳಲ್ಲಿ ಸಿಗುವ ಸಿಹಿ ಗುಳಿಗೆಗಳು, "ಡಯಟ್", "ಜೀರೋ" ಎಂಬ ಹೆಸರಿನ ಪಾನೀಯಗಳು ಈಗ ಶಿರಾಳಕೊಪ್ಪ, ಆನವಟ್ಟಿಯಂತಹ ಊರುಗಳಿಗೂ ಅಪರಿಚಿತವಾಗಿ ಉಳಿದಿಲ್ಲ. ಇವುಗಳಲ್ಲಿರುವುದು ಸ್ಯಾಕರಿನ್, ಆಸ್ಪರ್ಟೇಮ್, ಸುಕ್ರಲೋಸ್ ಮೊದಲಾದ ರಾಸಾಯನಿಕ ಸಿಹಿಕಾರಕಗಳು ಇಲ್ಲವೇ ಸ್ಟೀವಿಯಾ ಎಂಬ ಗಿಡದ ಎಲೆಯಿಂದ ತೆಗೆದ ಸಾರ. ಸಕ್ಕರೆಗಿಂತ ನೂರಾರು ಪಟ್ಟು ಸಿಹಿಯಾಗಿರುವುದರಿಂದ ಚಿಟಿಕೆಗಿಂತ ಕಡಿಮೆ ಸಾಕು, ರಕ್ತದ ಸಕ್ಕರೆ ಕೂಡಲೇ ಏರುವುದಿಲ್ಲ. ಸ್ಯಾಕರಿನ್ 1879ರಷ್ಟು ಹಿಂದೆಯೇ ಕಂಡುಹಿಡಿಯಲಾದ ವಸ್ತು.

ಇವುಗಳ ಕುರಿತು ಎರಡು ವಿಪರೀತದ ಮಾತುಗಳು ಚಾಲ್ತಿಯಲ್ಲಿವೆ: ವಿಷ ಎಂದು ಒಂದು, ಔಷಧಿ ಎಂದು ಇನ್ನೊಂದು. ಎರಡೂ ಸರಿಯಲ್ಲ. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು "ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳ" ವರ್ಗಕ್ಕೆ ಸೇರಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಲಭ್ಯ ಪುರಾವೆ ಸೀಮಿತ ಎಂಬುದೇ ಆ ವರ್ಗದ ಅರ್ಥ. ಅದೇ ಸಮಯದಲ್ಲಿ ಆಹಾರ ಸುರಕ್ಷತೆಯ ತಜ್ಞರ ಸಮಿತಿಯು, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂವರೆಗಿನ ಸೇವನೆಯ ಹಳೆಯ ಮಿತಿಯನ್ನು ಬದಲಿಸಬೇಕಾಗಿಲ್ಲ ಎಂದಿತು. 70 ಕಿಲೋ ತೂಕದ ವ್ಯಕ್ತಿ ಆ ಮಿತಿ ದಾಟಲು ದಿನಕ್ಕೆ ಒಂಬತ್ತಕ್ಕೂ ಹೆಚ್ಚು ಕ್ಯಾನ್ ಡಯಟ್ ಪಾನೀಯ ಕುಡಿಯಬೇಕಾಗುತ್ತದೆ.

ಹೆಚ್ಚು ಗಮನಿಸಬೇಕಾದುದು ಅದೇ ವರ್ಷದ ಮೇ ತಿಂಗಳಿನ ಸಲಹೆಯನ್ನು. ತೂಕ ಇಳಿಸುವ ಸಲುವಾಗಿ ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸಬಾರದು, ಅವುಗಳಿಂದ ದೀರ್ಘಕಾಲದಲ್ಲಿ ಕೊಬ್ಬು ಇಳಿಯುವುದಿಲ್ಲ ಎಂದು ಸಂಸ್ಥೆ ಹೇಳಿತು. ಸ್ಟೀವಿಯಾವನ್ನೂ ಈ ಪಟ್ಟಿಗೆ ಸೇರಿಸಲಾಗಿದೆ. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲವಾದ್ದರಿಂದ, ಅಂಥವರು ವೈದ್ಯರನ್ನು ಕೇಳಿ ಮಿತವಾಗಿ ಬಳಸಬಹುದು. ಮೋಸವಿರುವುದು ಬೇರೆ ಕಡೆ. "ಶುಗರ್‌ಲೆಸ್" ಬಿಸ್ಕೆಟ್ಟಿನಲ್ಲಿ ಸಕ್ಕರೆ ಇಲ್ಲದಿದ್ದರೂ ಮೈದಾ ಮತ್ತು ಕೊಬ್ಬು ಇದ್ದೇ ಇರುತ್ತವೆ. ಮೈದಾ ಹೊಟ್ಟೆಯಲ್ಲಿ ಗ್ಲೂಕೋಸೇ ಆಗುತ್ತದೆ. ಪೊಟ್ಟಣದ ಹಿಂಭಾಗದಲ್ಲಿ ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರುಗಳಿದ್ದರೆ ಅವೂ ರಕ್ತದ ಸಕ್ಕರೆಯನ್ನು ಏರಿಸುವಂಥವೇ ಎಂದು ತಿಳಿಯಬೇಕು.

ಇಂತಹ ಹೆಸರಿನ ಮರೆಮಾಚುವಿಕೆಗೆ ಇತ್ತೀಚಿನ ಎರಡು ಉದಾಹರಣೆಗಳನ್ನು ಸದಸ್ಯರು ನೆನಪಿಡಬಹುದು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಮಾರಾಟ ತಾಣಗಳಿಗೆ, ಹಾಲಿಗೆ ಬೆರೆಸುವ ಸಿಹಿ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಎಂಬ ವರ್ಗದಿಂದ ತೆಗೆಯುವಂತೆ ಸೂಚಿಸಿತು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂತಹ ವರ್ಗವೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಸಿಹಿ ಪಾನೀಯಗಳ ಹೆಸರಿನಲ್ಲಿ "ಓಆರ್‌ಎಸ್" ಎಂಬ ಪದ ಬಳಸುವುದನ್ನು ನಿಷೇಧಿಸಿತು. ನಿಜವಾದ ಓಆರ್‌ಎಸ್‌ನ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪಾನೀಯಗಳಲ್ಲಿ ಅದರ ಹಲವು ಪಟ್ಟು. ಭೇದಿಯಾಗುತ್ತಿರುವ ಮಗುವಿಗೆ ಅತಿ ಸಿಹಿಯ ಪಾನೀಯ ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತದೆ. ಸರಿಯಾದ ಪೊಟ್ಟಣ ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ದೊರೆಯುತ್ತದೆ.

ಮೊದಲ ಸಾವಿರ ದಿನಗಳು

ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಅಥವಾ ಬೆಲ್ಲದ ನೀರು ತಾಗಿಸುವ ಪದ್ಧತಿ ಹಲವು ಮನೆಗಳಲ್ಲಿ ಇಂದಿಗೂ ಇದೆ. ಹಿರಿಯರ ಪ್ರೀತಿಯಿಂದ ಬಂದ ಪದ್ಧತಿ ಇದು, ಆದರೂ ಬಿಡಬೇಕಾದದ್ದು. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಅಪಾಯಕಾರಿ ಕಾಯಿಲೆ ಬರುವ ಸಂಭವವಿದೆ. ಆರು ತಿಂಗಳು ತಾಯಿಯ ಹಾಲು ಮಾತ್ರ, ನಂತರ ಮೇಲೂಟ. ಎರಡು ವರ್ಷ ತುಂಬುವವರೆಗೆ ಆ ಮೇಲೂಟಕ್ಕೆ ಸಕ್ಕರೆ, ಬೆಲ್ಲ ಸೇರಿಸಬಾರದು. ರಾಗಿ ಸರಿಗೆ ಮಾಗಿದ ಬಾಳೆಹಣ್ಣನ್ನು ಕಿವುಚಿ ಹಾಕಿದರೆ ಸಾಕಷ್ಟು ಸಿಹಿ ಬರುತ್ತದೆ.

ಈ ಸಲಹೆಯ ಹಿಂದೆ ಗಟ್ಟಿಯಾದ ಆಧಾರವಿದೆ. ಎರಡನೆಯ ಮಹಾಯುದ್ಧದ ಕಾಲದಿಂದ ಬ್ರಿಟನ್ನಿನಲ್ಲಿ ಸಕ್ಕರೆಗೆ ಪಡಿತರ ಪದ್ಧತಿಯಿತ್ತು. 1953ರ ಸೆಪ್ಟೆಂಬರ್‌ನಲ್ಲಿ ಅದು ಕೊನೆಗೊಂಡೊಡನೆ ಜನರ ಸಕ್ಕರೆಯ ಬಳಕೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆ ದಿನಾಂಕದ ಹಿಂದೆ ಮುಂದೆ ಹುಟ್ಟಿದವರ ಆರೋಗ್ಯವನ್ನು ದಶಕಗಳ ನಂತರ ಹೋಲಿಸಿ ನೋಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷ ಕಡಿಮೆ ಸಕ್ಕರೆ ಪಡೆದವರಲ್ಲಿ ಮಧುಮೇಹದ ಸಂಭವ ಸುಮಾರು ಶೇ. 35ರಷ್ಟು, ರಕ್ತದೊತ್ತಡದ ಸಂಭವ ಸುಮಾರು ಶೇ. 20ರಷ್ಟು ಕಡಿಮೆ ಇತ್ತು. ಕಾಯಿಲೆ ಬಂದವರಲ್ಲಿಯೂ ಅದು ವರ್ಷಗಳಷ್ಟು ತಡವಾಗಿ ಬಂದಿತ್ತು. ಅಂಗನವಾಡಿ, "ಕೂಸಿನ ಮನೆ"ಗಳಲ್ಲಿ ಇಂದು ಬಟ್ಟಲಿಗೆ ಬೀಳುವ ಒಂದು ಚಮಚದ ಲೆಕ್ಕ ಐವತ್ತು ವರ್ಷಗಳ ಬಳಿಕ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದೇ ಇದರ ತಾತ್ಪರ್ಯ.

ಶಾಲೆಗಳ ವಿಷಯದಲ್ಲಿ ರಾಜ್ಯವೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡಲಾಗುತ್ತಿದ್ದ ಶೇಂಗಾ ಚಿಕ್ಕಿಯನ್ನು, ಅದರಲ್ಲಿ ಸಕ್ಕರೆಯ ಅಂಶ ಹೆಚ್ಚೆಂಬ ಕಾರಣವನ್ನೂ ಪರಿಗಣಿಸಿ, 2025ರಲ್ಲಿ ನಿಲ್ಲಿಸಿ ಬಾಳೆಹಣ್ಣು ಕೊಡುವಂತೆ ಸೂಚಿಸಲಾಯಿತು. ಆದರೆ ಶಾಲೆಯ ಗೇಟಿನ ಹೊರಗೆ ಇರುವ ಗೂಡಂಗಡಿಯಲ್ಲಿ ಐದು ರೂಪಾಯಿಗೆ ಏನು ಸಿಗುತ್ತದೆ ಎಂಬುದನ್ನು ಯಾವ ಇಲಾಖೆಯ ಸುತ್ತೋಲೆಯೂ ದಿನನಿತ್ಯ ನೋಡಲಾರದು. ಆ ವಾರ್ಡಿನ ಸದಸ್ಯರು ನೋಡಬಲ್ಲರು.

ಪತ್ತೆ, ಪಾದ ಮತ್ತು ತಲೆಸುತ್ತು

ಮಧುಮೇಹ ಬಹುಕಾಲ ಸದ್ದಿಲ್ಲದೆ ಇರುತ್ತದೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು, ಗಾಯ ಬೇಗ ಮಾಯದಿರುವುದು ಕಾಣಿಸುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪ್ರಮಾಣ 6.5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮಧುಮೇಹ ಎನ್ನುತ್ತಾರೆ. ಒಂದೇ ಪರೀಕ್ಷೆಯಿಂದ ತೀರ್ಮಾನಿಸದೆ ವೈದ್ಯರು ಮತ್ತೊಮ್ಮೆ ನೋಡಿ ಖಚಿತಪಡಿಸುತ್ತಾರೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಮೊದಲ ಪರೀಕ್ಷೆ ದರ್ಜಿಯ ಟೇಪಿನದು: ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ರಕ್ತ ಪರೀಕ್ಷೆಗೆ ತಡ ಮಾಡಬಾರದು.

30 ವರ್ಷ ದಾಟಿದ ಎಲ್ಲರಿಗೂ ಮಧುಮೇಹ, ರಕ್ತದೊತ್ತಡ ಮತ್ತು ಸಾಮಾನ್ಯ ಕ್ಯಾನ್ಸರ್‌ಗಳ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮನೆ ಬಾಗಿಲಿಗೇ ತಪಾಸಣೆ ಒಯ್ಯುವ "ಗೃಹ ಆರೋಗ್ಯ" ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಗಿ ಬಳಿಕ ರಾಜ್ಯದ ಇತರ ಜಿಲ್ಲೆಗಳಿಗೆ ವಿಸ್ತರಿಸಿದೆ. ತಪಾಸಣೆಗೆ ಸಾಮಾನ್ಯವಾಗಿ ಸಿಗುವವರು ಮನೆಯಲ್ಲಿರುವ ಹಿರಿಯರು ಮತ್ತು ಮಹಿಳೆಯರು. ಬೆಳಿಗ್ಗೆಯೇ ಗದ್ದೆ, ತೋಟ, ಜೋಳದ ಹೊಲಕ್ಕೆ ಹೋಗುವ 30ರಿಂದ 50 ವರ್ಷದ ಗಂಡಸರು ತಪ್ಪಿಹೋಗುತ್ತಾರೆ. ತಂಡದ ಭೇಟಿಯನ್ನು ಸಂತೆಯ ದಿನಕ್ಕೋ ಸಂಜೆಗೋ ಹೊಂದಿಸುವಂತೆ ಸದಸ್ಯರು ಆರೋಗ್ಯ ಸಿಬ್ಬಂದಿಯೊಡನೆ ಮಾತನಾಡಿದರೆ ಈ ಕೊರತೆ ತುಂಬುತ್ತದೆ. ಕ್ಷಯಮುಕ್ತ ಪಂಚಾಯಿತಿಯ ಗುರಿಗೂ ಇದು ಸಂಬಂಧಿಸಿದೆ: ಮಧುಮೇಹ ಇರುವವರಿಗೆ ಕ್ಷಯ ತಗಲುವ ಸಂಭವ ಎರಡರಿಂದ ಮೂರು ಪಟ್ಟು ಹೆಚ್ಚು.

ಮಲೆನಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಪಾದಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ಮಧುಮೇಹ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ. ನಾಟಿಯ ಗದ್ದೆಯಲ್ಲಿ ಬರಿಗಾಲಲ್ಲಿ ದಿನವಿಡೀ ನಿಂತವರಿಗೆ ಚುಚ್ಚಿದ ಮುಳ್ಳು, ಇಂಬಳ ಕಚ್ಚಿದ ಗಾಯ ಅರಿವಿಗೇ ಬಾರದೆ ಕೀವಾಗಬಹುದು. ಅದನ್ನು ಕಡೆಗಣಿಸಿ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಸ್ಥಿತಿಗೆ ಬಂದವರೂ ಇದ್ದಾರೆ. ಪ್ರತಿ ರಾತ್ರಿ ಕಾಲು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿಯೋ ಮನೆಯವರಿಂದಲೋ ನೋಡಿಸಿಕೊಳ್ಳುವುದು ಔಷಧಿಯಷ್ಟೇ ಅಗತ್ಯ. ಬಿಸಿನೀರಿನಲ್ಲಿ ಕಾಲಿಡುವ ಮೊದಲು ಕೈಯಿಂದ ಬಿಸಿ ನೋಡಬೇಕು.

ಇನ್ನೊಂದು ಎಚ್ಚರಿಕೆ ಸಿಹಿ ಬಿಟ್ಟವರಿಗೇ ಸಂಬಂಧಿಸಿದ್ದು. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ, ಹೆಚ್ಚು ಶ್ರಮವಾದರೆ ರಕ್ತದ ಸಕ್ಕರೆ ಅತಿಯಾಗಿ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು, ಮಾತು ತೊದಲುವುದು ಅದರ ಲಕ್ಷಣ. ಆಗ ಮೂರು ಚಮಚ ಸಕ್ಕರೆ ಅಥವಾ ಅಷ್ಟೇ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಸಬೇಕು. ಕೃತಕ ಸಿಹಿಕಾರಕದಿಂದ ಇಲ್ಲಿ ಏನೂ ಪ್ರಯೋಜನವಿಲ್ಲ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು, ಬಳಿಕ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಉದ್ಯೋಗ ಖಾತರಿ ಕಾಮಗಾರಿಯ ಸ್ಥಳಗಳಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಜೊತೆ ಒಂದು ಉಂಡೆ ಬೆಲ್ಲ ಇರಿಸುವುದಕ್ಕೆ ಖರ್ಚೇನೂ ಇಲ್ಲ. "ಈ ಪುಡಿ ತಿನ್ನಿ, ಮಾತ್ರೆ ಬಿಡಿ" ಎನ್ನುವವರ ಮಾತು ಕೇಳಿ ಚಿಕಿತ್ಸೆ ನಿಲ್ಲಿಸಿದವರು ಗ್ರಾಮದಲ್ಲಿದ್ದರೆ ಅವರನ್ನು ಆರೋಗ್ಯ ಕೇಂದ್ರಕ್ಕೆ ಮರಳಿ ಕರೆತರುವುದು ಆಶಾ ಕಾರ್ಯಕರ್ತೆಗಿಂತ ಊರಿನ ಸದಸ್ಯರಿಗೆ ಸುಲಭ.

ಪಂಚಾಯಿತಿಯ ಅಂಗಳದಿಂದ

ನಿತ್ಯದ ಅಭ್ಯಾಸಗಳ ಪಟ್ಟಿ ದೊಡ್ಡದೇನಲ್ಲ: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ, ಊಟದ ನಂತರ ಹತ್ತು ನಿಮಿಷ ಓಡಾಟ, ಏಳು ಗಂಟೆಯ ನಿದ್ದೆ, ತಂಬಾಕು ಬೆರೆತ ಎಲೆಯಡಿಕೆಯಿಂದ ದೂರ. ಟ್ರ್ಯಾಕ್ಟರ್, ಟಿಲ್ಲರ್, ಬೈಕುಗಳು ಬಂದ ಮೇಲೆ ರೈತನೆಂದ ಮಾತ್ರಕ್ಕೆ ಮೈ ಬಗ್ಗುತ್ತದೆ ಎಂದು ಹೇಳುವಂತಿಲ್ಲ. ಬಾಯಾರಿಕೆಗೆ ಈ ಸೀಮೆಯಲ್ಲಿ ಬಾಟಲಿಯ ಹಂಗಿಲ್ಲ. ಮಜ್ಜಿಗೆ, ಒಂದೆಲಗದ ತಂಬುಳಿ, ಸಕ್ಕರೆ ಹಾಕದ ಮುರುಗಲು ನೀರು, ಮಾವಿನ ಕಾಲದಲ್ಲಿ ಅಪ್ಪೆಹುಳಿ ಇವೆ. ಉಪ್ಪಿನ ಪ್ರಮಾಣವನ್ನು ಮಾತ್ರ ಗಮನಿಸಬೇಕು, ದಿನಕ್ಕೆ 5 ಗ್ರಾಂ ಅದರ ಮಿತಿ.

ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಕೊಡುವ ಚಹಾವನ್ನು ಸಕ್ಕರೆ ಹಾಕದೆ ತಂದು, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುವಂತೆ ಸಕ್ಕರೆಯನ್ನು ಬೇರೆಯಾಗಿ ಇರಿಸುವುದರಿಂದ ಕೆಲಸ ಆರಂಭಿಸಬಹುದು. ಇದಕ್ಕೆ ಠರಾವು ಬೇಕಿಲ್ಲ. ಕ್ರೀಂ ಬಿಸ್ಕೆಟ್ಟಿನ ಬದಲು ಮಂಡಕ್ಕಿ ಒಗ್ಗರಣೆ ಅಥವಾ ಕಾಳಿನ ಉಸಲಿ ಇದ್ದರೆ ಸ್ಥಳೀಯ ಸ್ವಸಹಾಯ ಸಂಘದವರಿಗೂ ನಾಲ್ಕು ಕಾಸು ಸಿಗುತ್ತದೆ. ಜಾತ್ರೆಗಳ ಸಮಯದಲ್ಲಿ, ಅದು ಚಂದ್ರಗುತ್ತಿಯ ರೇಣುಕಾಂಬೆಯದಿರಲಿ, ಶಿಕಾರಿಪುರದ ಹುಚ್ಚರಾಯಸ್ವಾಮಿ ರಥೋತ್ಸವವಿರಲಿ, ತಾತ್ಕಾಲಿಕ ಅಂಗಡಿಗಳಿಗೆ ಜಾಗ ಕೊಡುವಾಗಲೇ ಕುಡಿಯುವ ನೀರಿನ ವ್ಯವಸ್ಥೆ ಎದ್ದು ಕಾಣುವಂತೆ ಇರಬೇಕು. ನೀರು ಸಿಗದಿದ್ದರೆ ಜನ ಬಣ್ಣದ ಪಾನೀಯವನ್ನೇ ಕುಡಿಯುತ್ತಾರೆ. ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿಯೇ ನಿಷೇಧಿಸಿದೆ ಎಂಬುದನ್ನೂ ಅಂಗಡಿಯವರಿಗೆ ಆಗಲೇ ತಿಳಿಸಬಹುದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಪ್ರತಿ ಸಲವೂ ಕೇಳುವುದು ಉಪಯುಕ್ತ. ವಾರ್ಡಿನಲ್ಲಿ 30 ದಾಟಿದ ಎಷ್ಟು ಜನರ ತಪಾಸಣೆ ಬಾಕಿ ಇದೆ? ಮಧುಮೇಹ ಪತ್ತೆಯಾದವರಲ್ಲಿ ಎಷ್ಟು ಜನ ಕಳೆದ ತಿಂಗಳು ಮಾತ್ರೆ ಪಡೆದಿದ್ದಾರೆ? ಉಪಕೇಂದ್ರದ ಗ್ಲೂಕೋಮೀಟರಿಗೆ ಪಟ್ಟಿಗಳು ಇವೆಯೇ? ಕೊನೆಯ ಪ್ರಶ್ನೆ ಸಣ್ಣದೆನಿಸಿದರೂ ಪಟ್ಟಿಗಳು ಮುಗಿದರೆ ಉಪಕರಣ ಬೀರುವಿನಲ್ಲಿ ಕೂರುತ್ತದೆ, ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ, ಮತ್ತೆ ಬರುವುದಿಲ್ಲ.

ನವೆಂಬರ್ 14 ಮಕ್ಕಳ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜನ್ಮದಿನವಾದ್ದರಿಂದ ವಿಶ್ವ ಮಧುಮೇಹ ದಿನವೂ ಹೌದು. ಆ ಆಸುಪಾಸಿನಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ, ತಮ್ಮ ಶಾಲೆಯ ಸುತ್ತಲಿನ ಅಂಗಡಿಗಳಲ್ಲಿ ಸಿಗುವ ತಿನಿಸುಗಳ ಪೊಟ್ಟಣಗಳನ್ನು ತಂದು, ಅದರ ಹಿಂದೆ ಬರೆದಿರುವ ಸಕ್ಕರೆಯ ಗ್ರಾಂಗಳನ್ನು ಚಮಚದ ಲೆಕ್ಕಕ್ಕೆ ತಂದು ಓದಿ ಹೇಳುವಂತೆ ಮಕ್ಕಳಿಗೇ ಸೂಚಿಸಬಹುದು. ಐದರಿಂದ ಭಾಗಿಸುವ ಲೆಕ್ಕ ಐದನೆಯ ತರಗತಿಯ ಮಕ್ಕಳಿಗೆ ಬರುತ್ತದೆ.